ಕೋಟೆಯೊಳಗಿನ ಹೋಟೆಲು ಮತ್ತು ಜಗಲಿಯಾಚೆಯ ಲೋಟ

ಶ್ರೀರಂಗಪಟ್ಟಣದ ಕೋಟೆಯೊಳಗೆ ಹತ್ತು ಕೋಣೆಯ ಒಂದು ಸಣ್ಣ ಹೋಟೆಲು ಮಾಡಬೇಕು ಅಂತಿಟ್ಟುಕೊಳ್ಳೋಣ. ಇಂಜಿನಿಯರು ಬಂದು ಟೇಪು ಹಿಡಿಯುತ್ತಾನೆ. ತೊಟ್ಟಿ ಇರಲಿ, ಜಗಲಿ ಇರಲಿ, ಮರದ ಕಂಬ ಇರಲಿ, ಊರಿನ ಇತಿಹಾಸಕ್ಕೆ ಒಪ್ಪಬೇಕು ಅನ್ನುತ್ತಾನೆ. ಒಪ್ಪಲಿ. ಆದರೆ ಯಾರ ಇತಿಹಾಸಕ್ಕೆ? ನಮ್ಮ ಪ್ರಶ್ನೆ ಇಷ್ಟೇ.

1799ರ ಮೇ 4ರಂದು ಟಿಪ್ಪು ಇದೇ ಕೋಟೆಯಲ್ಲಿ ಮಡಿದ. ಮಾರನೆ ವರ್ಷ ಬುಕಾನನ್ ಇಲ್ಲಿಗೆ ಬಂದ. ಟಿಪ್ಪು ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅವನೇ ಅಂದಾಜು ಮಾಡಿದ ಊರಲ್ಲಿ ಆಗ ಉಳಿದಿದ್ದವರು ಸುಮಾರು 32 ಸಾವಿರ. ಲಾಲ್ ಮಹಲನ್ನು ಕೆಡವಿದರು. ಅದರ ತೊಲೆಗಳು ಬೆಟ್ಟ ಹತ್ತಿ 1830ರ ಸುಮಾರಿಗೆ ಊಟಿಯ ಸೇಂಟ್ ಸ್ಟೀಫನ್ ಚರ್ಚಿಗೆ ಸೇರಿದವು. ತೊಲೆ ಎಲ್ಲಿಗೆ ಹೋಯಿತು ಅನ್ನುವುದು ಎಲ್ಲರಿಗೂ ಗೊತ್ತು. ಹೊತ್ತವರು ಯಾರು? ಅವರಿಗೆ ಪುಸ್ತಕದಲ್ಲಿ ಹೆಸರಿಲ್ಲ.

ಇವತ್ತು ಕೋಟೆಯೊಳಗೆ ಮನಸ್ಸಿಗೆ ಬಂದಂತೆ ಕಟ್ಟುವಂತಿಲ್ಲ. ಸ್ಮಾರಕಗಳ ಕಾನೂನಿಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ಹೊಸ ಕಟ್ಟಡ ಕೂಡದು. ಅದರಾಚೆ ಇನ್ನೂ 200 ಮೀಟರು ಅನುಮತಿ ಬೇಕು. ಕೆ.ಆರ್.ಪೇಟೆ ಪಕ್ಕದ ಹೊಸಹೊಳಲು ದೇವಸ್ಥಾನದ ಸುತ್ತಲೂ ಇದೇ ಲೆಕ್ಕ. ಹಳೆ ಮನೆಯ ರಿಪೇರಿಗೂ ಕಾಗದ ಬೇಕು. ಕಾಸಿದ್ದವನು ಕಾಗದ ತರುತ್ತಾನೆ. ಮಳೆಗೆ ಗೋಡೆ ಬಿದ್ದ ಬಡವ ಯಾವ ಆಫೀಸಿಗೆ ಅಲೆಯಬೇಕು?

ಹೀಗಾಗಿ ಹೋಟೆಲು ಅಂದರೆ ಹಳೇ ತೊಟ್ಟಿ ಮನೆಯನ್ನೇ ರಿಪೇರಿ ಮಾಡುವುದು. ಆ ಮನೆಯ ಜಗಲಿ ನಮಗೆ ಗೊತ್ತು. ದಾರಿಹೋಕನಿಗೆ ಅದು ನೆರಳು, ನಮ್ಮ ಅಜ್ಜಂದಿರಿಗೆ ಗಡಿ. 'ಅಲ್ಲೇ ನಿಂತ್ಕ, ಒಳಕ್ ಬರ್ಬ್ಯಾಡ' ಅನ್ನುವ ಮಾತು ಹುಟ್ಟಿದ್ದೇ ಅಲ್ಲಿ. ಛತ್ರಗಳಲ್ಲಿ ಜಾತಿಗೊಂದು ಪಂಕ್ತಿ. ಆಮೇಲೆ ಬಂದ ಹೋಟೆಲುಗಳಲ್ಲಿ ನಮಗೊಂದು ಬೇರೆ ಲೋಟ. ಅತ್ತಿಗುಪ್ಪೆ ಕೃಷ್ಣರಾಜಪೇಟೆಯಾಯಿತು. ಹಿರೋಡೆ ಫ್ರೆಂಚ್ ರಾಕ್ಸ್ ಆಗಿ, ಆಮೇಲೆ ಪಾಂಡವಪುರವಾಯಿತು. ಊರಿನ ಹೆಸರು ಬದಲಾದರೂ ಜಗಲಿಯ ಕಟ್ಟಳೆ ಬದಲಾಗಲಿಲ್ಲ. ಅದೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ರಾಮಾನುಜರು ತಿರುಕುಲದವರಿಗೆ ವರ್ಷಕ್ಕೆ ಮೂರು ದಿನ ಗುಡಿಯ ಬಾಗಿಲು ತೆರೆಸಿದರೆಂದು ಐತಿಹ್ಯ. ಉಳಿದ ದಿನಗಳ ಮಾತು ಯಾರೂ ಎತ್ತುವುದಿಲ್ಲ.

ಎತ್ತಿದ್ದು ಸಂವಿಧಾನ. 15ನೇ ವಿಧಿ ಹೋಟೆಲನ್ನು ಹೆಸರಿಟ್ಟು ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೋಟೆಲಿನ, ಧರ್ಮಶಾಲೆಯ, ಮುಸಾಫಿರಖಾನೆಯ ಪಾತ್ರೆಗಳನ್ನೂ ಸೇರಿಸಿಕೊಂಡಿತು. ಲೋಟಕ್ಕೂ ಕಾನೂನು ಬೇಕಾಯಿತಲ್ಲ, ಆ ನಾಚಿಕೆ ನಮ್ಮದಲ್ಲ.

ಈಗ ನಕ್ಷೆಗೆ ಬರೋಣ. ಮುಂದಿನ ಜಗಲಿ ಎಲ್ಲರೂ ಕೂರುವ ಜಾಗವಾಗಲಿ. ಅಡಿಗೆಮನೆ ತೊಟ್ಟಿಗೆ ತೆರೆದಿರಲಿ, ಬೇಯಿಸುವವರು ಯಾರು ಅಂತ ಉಣ್ಣುವವರಿಗೆ ಕಾಣಲಿ. ಲೋಟ ತೊಳೆಯುವವರಿಗೂ ಮಲಗಲು ಕೋಣೆ, ಹೋಗಲು ಕಕ್ಕಸು ನಕ್ಷೆಯಲ್ಲೇ ಇರಲಿ.

ಎಲ್ಲಕ್ಕಿಂತ ದೊಡ್ಡ ಮಾತು ಹಿತ್ತಲಿನದು. ತಲೆಮೇಲೆ ಮಲ ಹೊರುವುದು ನಿಲ್ಲಬೇಕೆಂದು 1970ರ ದಶಕದಲ್ಲೇ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಆಜ್ಞೆ ಮಾಡಿದರು. 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. ಸೆಪ್ಟಿಕ್ ಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದು ಅಪರಾಧ. ಆದರೆ ಕೋಟೆಯ ಓಣಿ ಇಕ್ಕಟ್ಟು. ಗುಂಡಿಯನ್ನು ಹಿತ್ತಲ ಮೂಲೆಗೆ ತಳ್ಳಿದರೆ ಹೀರುವ ಲಾರಿಯ ಪೈಪು ಅಲ್ಲಿಗೆ ಮುಟ್ಟುವುದಿಲ್ಲ. ಪೈಪು ಮುಟ್ಟದ ಕಡೆಗೆ ಯಾರನ್ನು ಕರೆಯುತ್ತಾರೆ? ಕೇರಿಯಿಂದಲೇ. ನಕ್ಷೆಯ ಮೇಲೆ ಎಳೆದ ಒಂದು ತಪ್ಪು ಗೆರೆ ನಮ್ಮವನೊಬ್ಬನ ಜೀವ ತೆಗೆಯಬಲ್ಲದು. ಆದ್ದರಿಂದ ಗುಂಡಿಯ ಜಾಗ ಮೊದಲು ಗೊತ್ತಾಗಲಿ, ಕೆತ್ತಿದ ಕಂಬ ಆಮೇಲೆ.

ಇದೆಲ್ಲ ಆಗದ ಮಾತು ಅನ್ನುವವರಿಗೆ ಒಂದು ಸಂಗತಿ ನೆನಪಿಸುತ್ತೇವೆ. ಜೋಡಿ ರೈಲು ಹಳಿಗೆ ಅಡ್ಡ ಬಂತೆಂದು 2017ರಲ್ಲಿ ಇದೇ ಊರಿನ ಟಿಪ್ಪು ಕಾಲದ ಮದ್ದಿನ ಮನೆಯನ್ನು ಒಡೆಯದೆ, ಇಡಿಯಾಗಿ ನೂರು ಮೀಟರಿಗೂ ದೂರ ಸರಿಸಿ ಕೂರಿಸಿದರು. ಗೋಡೆಗೆ ಬಿರುಕು ಬೀಳಬಾರದೆಂದು ಅಷ್ಟು ಜೋಪಾನ! ಅಂಥ ಗೋಡೆಯನ್ನು ಸರಿಸಬಲ್ಲವರು ಕಕ್ಕಸಿನ ಗುಂಡಿಯನ್ನು ಹತ್ತು ಅಡಿ ಸರಿಸಲಾರರೇ?

ಹೋಟೆಲು ಏಳಲಿ. ನಾವೂ ಬರುತ್ತೇವೆ, ಒಳಗೇ ಕೂರುತ್ತೇವೆ. ಲೋಟ ಒಂದೇ ಇರಲಿ.