ಬ್ರೌಸರಿಗೆ ಬಂದ ಕಚೇರಿ

ಪತ್ರ, ಲೆಕ್ಕಪಟ್ಟಿಗಳ ತಂತ್ರಾಂಶವನ್ನು ಗಣಕಕ್ಕೊಂದರಂತೆ ಪರವಾನಗಿ ಕೊಂಡು ಅಳವಡಿಸಬೇಕಿದ್ದ ಪದ್ಧತಿಯು ಸಣ್ಣ ಉದ್ಯಮಗಳಿಗೆ ಭಾರವಾಗಿತ್ತು. ಇದನ್ನು ಸಡಿಲಿಸಿದ್ದು ಪುಟವನ್ನು ಪೂರ್ತಿಯಾಗಿ ಮತ್ತೆ ತರಿಸದೆ ಬೇಕಾದ ಅಂಶವನ್ನಷ್ಟೇ ಸರ್ವರಿನಿಂದ ಪಡೆಯುವ ವಿಧಾನ. ಅದಕ್ಕೆ ಅಜಾಕ್ಸ್ ಎಂಬ ಹೆಸರು ಬಂದ 2005ರಲ್ಲಿಯೇ ಬ್ರೌಸರಿನಲ್ಲಿಯೇ ಬರೆಯುವ ತಂತ್ರಾಂಶಗಳಾದ ಅಮೆರಿಕದ ರೈಟ್ಲಿಯೂ, ಚೆನ್ನೈಯಲ್ಲಿ ತಂತ್ರಾಂಶ ಸಿದ್ಧಪಡಿಸುತ್ತಿದ್ದ ಅಡ್ವೆಂಟ್‌ನೆಟ್ ಸಂಸ್ಥೆಯ ಜೋಹೊ ರೈಟರ್ ಕೂಡ ಬಳಕೆಗೆ ಬಂದವು. ಮರುವರ್ಷ ರೈಟ್ಲಿಯನ್ನು ಕೊಂಡ ಗೂಗಲ್, 2007ರ ಫೆಬ್ರುವರಿಯಲ್ಲಿ ಒಬ್ಬ ಬಳಕೆದಾರನಿಗೆ ವರ್ಷಕ್ಕೆ 50 ಡಾಲರಿನಂತೆ, ಉದ್ಯಮದ ಸ್ವಂತ ಡೊಮೇನ್ ಹೆಸರಿನಲ್ಲಿ ಇಮೇಲ್, ಕ್ಯಾಲೆಂಡರ್, ದಸ್ತಾವೇಜುಗಳ ಸೇವೆಯನ್ನು ಒಟ್ಟಾಗಿ ಕೊಡತೊಡಗಿತು. ಇಂಥದೇ ಸೇವೆಯಾದ ಮೈಕ್ರೋಸಾಫ್ಟಿನ ಆಫೀಸ್ 365 ಬಂದದ್ದು 2011ರಲ್ಲಿ.

ಆಯ್ಕೆಯ ಚರ್ಚೆಗಳಲ್ಲಿ ಬೆಲೆಯೇ ಮುಂದೆ ನಿಂತರೂ, ಒಂದೇ ಕಡತವನ್ನು ಹಲವರು ಏಕಕಾಲಕ್ಕೆ ತಿದ್ದುವ ಸೌಲಭ್ಯವೇ, ಇಮೇಲಿನಲ್ಲಿ ಓಡಾಡುವ ಪ್ರತಿಗಳಲ್ಲಿ ಯಾವುದು ಕೊನೆಯದೆಂಬ ಗೊಂದಲವನ್ನು ನೀಗಿಸಿದ್ದರಿಂದ, ಹೆಚ್ಚು ಮಹತ್ವದ್ದೆನ್ನಬೇಕು. ಆದರೆ ಸೇವೆಯ ಷರತ್ತುಗಳು ಒದಗಿಸುವವರ ಕೈಯಲ್ಲಿದ್ದವೆಂಬುದು, 2012ರ ಡಿಸೆಂಬರಿನಲ್ಲಿ ಗೂಗಲ್ ಹೊಸ ಉದ್ಯಮಗಳಿಗೆ ತನ್ನ ಈ ಸೇವೆಯ ಉಚಿತ ಆವೃತ್ತಿಯನ್ನು ನಿಲ್ಲಿಸಿದಾಗ ಸ್ಪಷ್ಟವಾಯಿತು. ಕನ್ನಡದಲ್ಲಿ ವ್ಯವಹರಿಸುವವರಿಗೆ ಇನ್ನೊಂದು ತೊಡಕೂ ಇತ್ತು: ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಉಳಿಸಿದ ಕಡತಗಳು, ವಿವಿಧ ಲಿಪಿಗಳ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡಿಗೆ ಬದಲಾಗದ ಹೊರತು ಈ ಸೇವೆಗಳಲ್ಲಿ ಸರಿಯಾಗಿ ಓದಲು ಬರುತ್ತಿರಲಿಲ್ಲ.