‘ಕಾನರಿಂ’ ಎಂಬ ಹೆಸರು ಮತ್ತು ಫಾದರ್ ಸ್ಟೀಫನ್ಸರು

1640ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ ‘ಆರ್ತೆ ದ ಲಿಂಗ್ವಾ ಕಾನರಿಂ’ ಎಂಬ ವ್ಯಾಕರಣವನ್ನು ಹೆಸರಿನ ಬಲದಿಂದಷ್ಟೇ ಕನ್ನಡದ ಪಟ್ಟಿಗೆ ಸೇರಿಸಲಾಗದು. ಅದು ವಿವರಿಸುವುದು ಕೊಂಕಣಿಯನ್ನು. ಗೋವೆಯ ಜನರನ್ನೂ ಅವರ ನುಡಿಯನ್ನೂ ಪೋರ್ಚುಗೀಸರು ‘ಕಾನರಿಂ’ ಎಂದೇ ಕರೆಯುತ್ತಿದ್ದರು.

ಕರ್ತೃ ಥಾಮಸ್ ಸ್ಟೀಫನ್ಸರು ಇಂಗ್ಲೆಂಡಿನ ಜೆಸುಯಿಟ್ ಪಾದ್ರಿ. 1579ರಲ್ಲಿ ಗೋವೆಗೆ ಬಂದ ಅವರು ಸಾಷ್ಟಿಯಲ್ಲಿ ಬಹುಕಾಲ ದುಡಿದು, ಅಲ್ಲಿನ ಕಾಲೇಜಿನ ರೆಕ್ಟರರೂ ಆಗಿದ್ದು, 1619ರಲ್ಲಿ ತೀರಿಕೊಂಡರು. ಅವರ ವ್ಯಾಕರಣವನ್ನು ದಿಯೋಗೊ ರಿಬೈರೊ ವಿಸ್ತರಿಸಿದರು. ಆದರೆ 1616ರ ‘ಕ್ರಿಸ್ತಪುರಾಣ’ಕ್ಕೆ ಸ್ಟೀಫನ್ಸರು ಆರಿಸಿಕೊಂಡದ್ದು ಮರಾಠಿಯನ್ನು, ಅದರ ಓವಿ ಛಂದಸ್ಸನ್ನು. ಮನೆಮಾತು ಒಂದು, ಗ್ರಂಥಭಾಷೆ ಇನ್ನೊಂದು: ಗಡಿನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1684ರಲ್ಲಿ ಪೋರ್ಚುಗೀಸ್ ಆಡಳಿತವು ಸ್ಥಳೀಯ ನುಡಿಯ ಬಳಕೆಯನ್ನೇ ನಿಷೇಧಿಸಿತು. ಹದಿನೇಳನೆಯ ಶತಮಾನದಲ್ಲಿ ಮೂರು ಬಾರಿ ಅಚ್ಚಾದ ಪುರಾಣದ ಒಂದು ಮುದ್ರಿತ ಪ್ರತಿಯೂ ಇಂದು ಕೈಗೆ ಸಿಗುವುದಿಲ್ಲ. ಕಾವ್ಯ ಬದುಕಿದ್ದು ಹಸ್ತಪ್ರತಿಗಳಲ್ಲಿ. ಕನ್ನಡನಾಡಿನೊಡನೆ ಅದರ ನಿಜವಾದ ನಂಟು ಕಾಣುವುದು ಇಲ್ಲಿಯೇ. ಗೋವೆಯನ್ನು ತೊರೆದು ಕೆನರಾಕ್ಕೆ ಬಂದ ಕ್ರೈಸ್ತರು ಪುರಾಣವನ್ನು ಮರೆತಿರಲಿಲ್ಲ. ಜೋಸೆಫ್ ಸಲ್ಡಾನ್ಹಾ ಅವರು ಹಸ್ತಪ್ರತಿಗಳನ್ನು ಆಧರಿಸಿ ಸಂಪಾದಿಸಿದ ಆವೃತ್ತಿ 1907ರಲ್ಲಿ ಹೊರಬಂದದ್ದು ಮಂಗಳೂರಿನಿಂದ.