ಜೂಜಿನ ಹತೋಟಿ ಯಾರ ಕೈಯಲ್ಲಿ?

‘ಜವಾಬ್ದಾರಿಯಿಂದ ಆಡಿ.’ ಮೊಬೈಲ್ ರಮ್ಮಿಯ ಜಾಹೀರಾತುಗಳ ಕೊನೆಯಲ್ಲಿ ಗಡಿಬಿಡಿಯಿಂದ ಉಸುರುತ್ತಿದ್ದ ಈ ಮಾತನ್ನು ನಾವೆಲ್ಲ ವರ್ಷಗಟ್ಟಲೆ ಕೇಳಿದ್ದೇವೆ. ಚಟ ಹತ್ತಿದರೆ, ಹಣ ಹೋದರೆ ತಪ್ಪು ನಿಮ್ಮದು ಎಂಬುದು ಅದರ ಒಳ ಅರ್ಥ. ಜೂಜನ್ನು ಹತೋಟಿಯಲ್ಲಿಡುವ ಹೊಣೆ ಆಡುವವನದೇ, ಆಡಿಸುವವನದೇ, ಆಳುವವನದೇ? ಈ ಪ್ರಶ್ನೆ ಬಹಳ ಹಳೆಯದು.

ಕೌಟಿಲ್ಯನ ‘ಅರ್ಥಶಾಸ್ತ್ರ’ ಜೂಜನ್ನು ನಿಷೇಧಿಸುವುದಿಲ್ಲ, ಒಂದೆಡೆ ಕಟ್ಟಿಹಾಕುತ್ತದೆ. ದ್ಯೂತಾಧ್ಯಕ್ಷನೆಂಬ ಅಧಿಕಾರಿ ಗೊತ್ತುಪಡಿಸಿದ ಜಾಗದಲ್ಲೇ ಆಡಬೇಕು. ಬೇರೆಡೆ ಆಡಿದರೆ 12 ಪಣ ದಂಡ. ಮೋಸವಿಲ್ಲದ ದಾಳಗಳನ್ನು ಅವನೇ ಒದಗಿಸಬೇಕು. ಆದರೆ ಗೆದ್ದ ಹಣದಲ್ಲಿ ಶೇ. 5, ಅದರ ಮೇಲೆ ದಾಳದ ಬಾಡಿಗೆ, ನೀರು-ನೆಲದ ಶುಲ್ಕವೂ ಅವನ ಕೈಗೇ ಸಲ್ಲುತ್ತಿತ್ತು. ಅಂದರೆ ಕಾವಲುಗಾರನಿಗೆ ಆಟದಲ್ಲೇ ಪಾಲಿತ್ತು. ಮನುಸ್ಮೃತಿಯ ನಿಲುವು ಬೇರೆ. ಅರಸನಾದವನು ಜೂಜನ್ನು ರಾಜ್ಯದಿಂದಲೇ ಹೊರಗಿಡಬೇಕು ಎನ್ನುತ್ತದೆ ಅದು.

ಇಸ್ಲಾಮ್‌ಪೂರ್ವ ಅರಬರಲ್ಲಿ ‘ಮೈಸಿರ್’ ಎಂಬ ಜೂಜಿತ್ತು. ಬಾಣಗಳನ್ನೆತ್ತಿ ಒಂಟೆಯ ಮಾಂಸದ ಪಾಲು ನಿರ್ಧರಿಸುತ್ತಿದ್ದರು. ಗೆದ್ದ ಮಾಂಸವನ್ನು ಬಡವರಿಗೆ ಹಂಚುವುದು ದೊಡ್ಡಸ್ತಿಕೆಯಾಗಿತ್ತು. ಕುರ್‌ಆನ್ (2:219) ಅದರಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆಯೆಂದು ಒಪ್ಪಿಕೊಂಡೇ, ಪಾಪ ಅದಕ್ಕಿಂತ ದೊಡ್ಡದೆಂದು ತೂಗಿ ಹೇಳಿತು. ಬಳಿಕ (5:90) ಪೂರ್ತಿಯಾಗಿ ದೂರವಿರಲು ಆದೇಶಿಸಿತು. ದಾನದ ಹೆಸರು ಜೂಜನ್ನು ಶುದ್ಧಗೊಳಿಸುವುದಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಮಾತು.

ಸ್ವತಂತ್ರ ಭಾರತದಲ್ಲಿ ಈ ಚರ್ಚೆಗೆ ಬೆಂಗಳೂರಿನ ನಂಟಿದೆ. ಇಲ್ಲಿ ಮುದ್ರಣವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಮೂಲಕ ಆರ್.ಎಂ.ಡಿ.ಸಿ. ಎಂಬ ಕಂಪನಿ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಪ್ರವೇಶ ಶುಲ್ಕ ಕಟ್ಟಿದವರಲ್ಲಿ ಮುಂಬಯಿ ಪ್ರಾಂತ್ಯದವರು ಬಹಳ. ಅಲ್ಲಿನ ಸರಕಾರ 1952ರಲ್ಲಿ ಕಾನೂನು ತಿದ್ದಿ, ಹೊರಗೆ ಮುದ್ರಣವಾಗುವ ಪತ್ರಿಕೆಗಳ ಸ್ಪರ್ಧೆಗೂ ಲೈಸೆನ್ಸ್ ಮತ್ತು ತೆರಿಗೆ ವಿಧಿಸಿದಾಗ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1957ರ ಏಪ್ರಿಲ್‌ನಲ್ಲಿ ಕೋರ್ಟು, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ ಎಂದಿತು. ಅದೇ ಸಂದರ್ಭದ ಇನ್ನೊಂದು ತೀರ್ಪು, ಕೌಶಲವೇ ಮುಖ್ಯವಾದ ಸ್ಪರ್ಧೆಗಳನ್ನು 1955ರ ಬಹುಮಾನ ಸ್ಪರ್ಧೆಗಳ ಕಾನೂನಿನಿಂದ ಹೊರಗಿಟ್ಟಿತು. 1967ರಲ್ಲಿ ರಮ್ಮಿಯೂ ಕೌಶಲದ ಆಟವೆನಿಸಿತು. ಮುಂದೆ ಮೊಬೈಲ್ ಕಂಪನಿಗಳು ನುಸುಳಿದ್ದು ಈ ಬಾಗಿಲಿನಿಂದಲೇ.

ಈ ನಡುವೆ ಸರಕಾರಗಳೇ ಆಡಿಸಲು ಕುಳಿತವು. 1967ರಲ್ಲಿ ಕೇರಳ ಸರಕಾರ ಲಾಟರಿ ಆರಂಭಿಸಿತು. ನಮ್ಮ ರಾಜ್ಯವೂ ಲಾಟರಿ ನಡೆಸಿತು. ಬೊಕ್ಕಸಕ್ಕೆ ವರಮಾನ, ಬಡವನಿಗೆ ಅದೃಷ್ಟ ಎಂಬುದು ಸಮರ್ಥನೆ. ಒಂದಂಕಿ ಲಾಟರಿಯ ಹಾವಳಿ ಮಿತಿಮೀರಿದಾಗ 1998ರ ಕೇಂದ್ರ ಕಾನೂನು ಅದನ್ನು ನಿಷೇಧಿಸಿ, ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ ಎಂದು ಮಿತಿ ಹಾಕಿತು. ಆ ಮಿತಿಯೂ ಸಾಲದೆ, 2007ರ ಏಪ್ರಿಲ್ 1ರಿಂದ ಕರ್ನಾಟಕ ಲಾಟರಿಯನ್ನೇ ಕೈಬಿಟ್ಟಿತು. ದಿನಗೂಲಿಯನ್ನು ಲಾಟರಿ ಅಂಗಡಿಯಲ್ಲೇ ಸುರಿದು ಬರಿಗೈಯಲ್ಲಿ ಮನೆಗೆ ಮರಳುತ್ತಿದ್ದವರನ್ನು ಕಂಡ ನಮಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಆದರೆ ಅಂಗಡಿ ಮುಚ್ಚಿದರೂ ಜೂಜು ಜೇಬಿಗೆ ಬಂತು. 2021ರಲ್ಲಿ ರಾಜ್ಯ ತಂದ ಆನ್‌ಲೈನ್ ಜೂಜು ನಿಷೇಧದ ಮುಖ್ಯ ಅಂಶಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದುಪಡಿಸಿತು. ಕಾರಣ ಅದೇ ಕೌಶಲದ ವಾದ. 2023ರ ಅಕ್ಟೋಬರ್‌ನಿಂದ ಕೇಂದ್ರ ಈ ಆಟಗಳಿಗೆ ಕಟ್ಟುವ ಹಣದ ಮೇಲೆ ಶೇ. 28 ಜಿ.ಎಸ್.ಟಿ. ವಿಧಿಸಿತು, ದ್ಯೂತಾಧ್ಯಕ್ಷನ ಶೇ. 5 ಇದರ ಮುಂದೆ ಏನೂ ಅಲ್ಲ. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ-ಅದೃಷ್ಟಗಳ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಅಂಗೀಕರಿಸಿತು. ಕಂಪನಿಗಳು ಅದನ್ನೂ ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದವು.

ನಿಷೇಧದಿಂದಲೇ ಎಲ್ಲ ಸರಿಹೋಗುತ್ತದೆಂದು ನಾವು ಹೇಳುತ್ತಿಲ್ಲ. ಮಟ್ಕಾ, ಕ್ರಿಕೆಟ್ ಬೆಟ್ಟಿಂಗ್ ಕಾನೂನಿನ ಕಣ್ಣು ತಪ್ಪಿಸಿಯೇ ಬೆಳೆದವು. ಚಟಕ್ಕೆ ಬಿದ್ದವನಿಗೆ ಪೊಲೀಸರಿಗಿಂತ ವೈದ್ಯರ, ಮನೆಯವರ ಆಸರೆ ಬೇಕು. ಆದರೆ ಪಾಲು ಪಡೆಯುವವನೇ ಕಾವಲು ಕಾಯುವೆನೆಂದಾಗ ನಂಬುವ ಮುನ್ನ ನಾವು ಕೇಳಬೇಕು: ಆಡುವವನು ಸೋತಷ್ಟೂ ನಿನಗೆ ಬರುವುದೆಷ್ಟು?